ಬ್ಲೂಸ್ ಆಲ್ಬಂ ಕೇಳುವುದು ಹೇಗೆ? ಬೆರಳ ಗೆಣ್ಣಿನಿಂದ ಶುರು ಮಾಡಿ

ಇಂಜಿನಿಯರಿಂಗ್ ಓದುವಾಗ ದಾವಣಗೆರೆಯ ಒಂದು ಅಂಗಡಿಯಿಂದ ಎಂಪಿ ತ್ರೀ ಸೀಡಿ ತಂದಿದ್ದೆ. ಮೇಲೆ ‘ಬಿ.ಬಿ. ಕಿಂಗ್, 120 ಹಾಡು’ ಅಂತ ಬರೆದಿತ್ತು. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡು, ಬಿ.ಬಿ. ಕಿಂಗ್ ಅದರ ಗಿಟಾರಿಗ, ಹಾಡುಗಾರ. ಎರಡು ವರ್ಷ ಹಾಸ್ಟೆಲಿನಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಕೇಳಿದೆ. ಆಮೇಲೆ ಗೊತ್ತಾಯ್ತು, ಅದರಲ್ಲಿ ಅರ್ಧದಷ್ಟು ಹಾಡು ಆಲ್ಬರ್ಟ್ ಕಿಂಗ್‌ದು, ಇನ್ನಷ್ಟು ಫ್ರೆಡ್ಡಿ ಕಿಂಗ್‌ದು. ಮೂವರೂ ಬೇರೆ ಬೇರೆ ಆಸಾಮಿಗಳು, ದಾಯಾದಿಗಳೂ ಅಲ್ಲ. ಅಂಗಡಿಯವನಿಗೆ ಕಿಂಗ್ ಅಂದರೆ ಕಿಂಗ್, ಅಷ್ಟೇ.

ಬೈಯಬೇಕಾದ್ದು ಅಂಗಡಿಯವನನ್ನಲ್ಲ. ಎರಡು ವರ್ಷ ಕೇಳಿಯೂ ಮೂರು ಕೈಗಳ ವ್ಯತ್ಯಾಸ ನನಗೆ ತಿಳಿಯಲಿಲ್ಲವಲ್ಲ, ಅದು ನನ್ನ ಕಿವಿಯ ತಪ್ಪು. ನಾನು ಗಿಟಾರ್ ಎಷ್ಟು ವೇಗವಾಗಿ ಓಡುತ್ತದೆ ಅಂತ ನೋಡುತ್ತಿದ್ದೆ. ಹಾಡಿದವನಿಗೆ ಗಿಟಾರ್ ಏನು ಮರುಮಾತು ಕೊಡುತ್ತದೆ ಅಂತ ಕೇಳುತ್ತಿರಲಿಲ್ಲ. ಬ್ಲೂಸ್ ಇರುವುದು ಆ ಮರುಮಾತಿನಲ್ಲಿ. ಅದನ್ನು ಹಿಡಿಯುವ ದಾರಿಯನ್ನು ಕೆಳಗೆ ಬರೆದಿದ್ದೇನೆ. ಅಭಿಪ್ರಾಯಗಳೆಲ್ಲ ನನ್ನವು. ಜಗಳಕ್ಕೆ ಬರುವವರು ಬರಬಹುದು, ಮಿರ್ಚಿ ಮಂಡಕ್ಕಿ ನನ್ನ ಲೆಕ್ಕದಲ್ಲಿ.

ಮೊದಲು ಬೇಕಾದ್ದು

ದೊಡ್ಡ ಸಾಮಾನು ಏನೂ ಬೇಡ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಅದರಲ್ಲಿ ಬೇಸ್ ಗಿಟಾರ್ ಕೇಳುವುದೇ ಇಲ್ಲ. ಬೇಸ್ ಇಲ್ಲದ ಬ್ಲೂಸ್ ಅಂದರೆ ಚಕ್ರ ಬಿಚ್ಚಿಟ್ಟ ಗಾಡಿ. ಸಾಧಾರಣ ವೈರ್ ಹೆಡ್‌ಫೋನ್ ಇದ್ದರೆ ಸಾಕು. ವಾರಕ್ಕೆ ಒಂದೇ ಆಲ್ಬಂ ಇಟ್ಟುಕೊಳ್ಳಿ. ಅದನ್ನು ಮೂರು ಸಲ ಕೇಳಿ: ಒಮ್ಮೆ ಸುಮ್ನೆ, ಒಮ್ಮೆ ಎಣಿಸುತ್ತಾ, ಒಮ್ಮೆ ಹಾಡುಗಾರನನ್ನು ಬಿಟ್ಟು ಹಿಂದಿನವರನ್ನು ಮಾತ್ರ ಗಮನಿಸುತ್ತಾ. ಹಾಡುಗಳ ಕ್ರಮ ಕೆಡಿಸಬೇಡಿ. ಜೊತೆಗೆ ಹಳೇ ನೋಟ್‌ಬುಕ್ ಒಂದಿರಲಿ.

ಮೊದಲ ಹೆಜ್ಜೆ: ಹನ್ನೆರಡನ್ನು ಎಣಿಸಿ

ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಇದು ಕೈಗೆ ಬಂದರೆ ಮುಂದಿನದೆಲ್ಲ ಸಲೀಸು.

ಬಹುಪಾಲು ಬ್ಲೂಸ್ ಹಾಡಿನ ಒಂದು ಸುತ್ತು ಅಂದರೆ ಹನ್ನೆರಡು ಬಾರ್. ಒಂದೊಂದು ಬಾರ್‌ಗೆ ನಾಲ್ಕು ಏಟು. ನಮ್ಮ ಅಜ್ಜಿ ಜಪ ಎಣಿಸುತ್ತಿದ್ದರಲ್ಲ, ಹಾಗೆ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಗೆಣ್ಣಿನ ಮೇಲೆ ಇಡುತ್ತಾ ಹೋಗಿ. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಆದರೆ ಜಪದ ಹಾಗೆ ಒಂದು ಬೆರಳು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಅಡ್ಡ ಸಾಲಿನಲ್ಲಿ ಹೋಗಿ. ಮೊದಲು ನಾಲ್ಕೂ ಬೆರಳಿನ ತುದಿ ಗೆಣ್ಣು, ತೋರುಬೆರಳಿನಿಂದ ಕಿರುಬೆರಳವರೆಗೆ. ಆಮೇಲೆ ನಡುವಿನ ಸಾಲು. ಆಮೇಲೆ ಬುಡದ ಸಾಲು. ಒಂದು ಗೆಣ್ಣಿಗೆ ಒಂದು ಬಾರ್.

ಈಗ ಸ್ವರ ಸೇರಿಸಿ. ಹಾಡಿನ ಮನೆ ‘ಸ’ ಅಂತ ಇಟ್ಟುಕೊಂಡರೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳು, ಹೀಗೆ ನಡೆಯುತ್ತವೆ:

ತುದಿ ಸಾಲು: ಸ ಸ ಸ ಸ
ನಡು ಸಾಲು: ಮ ಮ ಸ ಸ
ಬುಡದ ಸಾಲು: ಪ ಮ ಸ ಸ

ಕೆಲವರು ಎರಡನೇ ಗೆಣ್ಣಿಗೇ ಒಮ್ಮೆ ‘ಮ’ಗೆ ಹೋಗಿ ಬರುತ್ತಾರೆ. ಕೊನೆಯ ಗೆಣ್ಣಿನಲ್ಲಿ ‘ಪ’ ಮುಟ್ಟಿ ಮುಂದಿನ ಸುತ್ತಿಗೆ ತಳ್ಳುವವರೂ ಇದ್ದಾರೆ. ಗಾಬರಿ ಬೇಡ, ಎಣಿಕೆ ತಪ್ಪುವುದಿಲ್ಲ.

ಸಾಹಿತ್ಯವೂ ಇದೇ ಮೂರು ಸಾಲಿನ ಮೇಲೆ ಕೂರುತ್ತದೆ. ಮೊದಲ ಸಾಲು ಒಂದು ಮಾತು. ಎರಡನೇ ಸಾಲು ಅದೇ ಮಾತು, ಚೂರು ತಿರುಚಿ. ಮೂರನೆಯದು ಅದಕ್ಕೆ ತೀರ್ಪು. ಕನ್ನಡದಲ್ಲಿ ಕಟ್ಟಿದರೆ ಹೀಗಿರಬಹುದು:

ಬೆಳಗಿನ ಗಾಡಿ ಹೋಯ್ತು, ನೀನು ಬರಲಿಲ್ಲ
ಬೆಳಗಿನ ಗಾಡಿ ಹೋಯ್ತು ಕಣೇ, ನೀನು ಬರಲೇ ಇಲ್ಲ
ಕಟ್ಟಿಸಿದ ಮಂಡಕ್ಕಿ ಮೆತ್ತಗಾಯ್ತು, ಮಳೆ ನಿಲ್ಲಲಿಲ್ಲ

ಇದನ್ನು ಹಾಡಿಕೊಂಡು ಗೆಣ್ಣು ಎಣಿಸಿ ನೋಡಿ. ‘ಬರಲಿಲ್ಲ’ ಅನ್ನುವಷ್ಟರಲ್ಲಿ ಹೆಬ್ಬೆರಳು ನಡುಬೆರಳು ದಾಟಿರುತ್ತದೆ. ಉಂಗುರಬೆರಳು ಮತ್ತು ಕಿರುಬೆರಳು ಖಾಲಿ. ಆ ಖಾಲಿ ಜಾಗವೇ ಗಿಟಾರಿನದು. ಎರಡು ಗೆಣ್ಣು ಮಾತು, ಎರಡು ಗೆಣ್ಣು ಮರುಮಾತು. ಗೀಗೀ ಪದದಲ್ಲಿ ಮುಂದಿನವರು ಹಾಡಿ ನಿಲ್ಲಿಸಿದ ಕೂಡಲೇ ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಕೇಳಿ ಬೆಳೆದವರಿಗೆ ಇದು ಹೊಸತಲ್ಲ.

ಲಯದ ಬಗ್ಗೆ ಒಂದೇ ಮಾತು. ಶಫಲ್ ಅಂತಾರೆ, ಅದು ತಿಶ್ರದ ‘ತಕಿಟ’ದಲ್ಲಿ ‘ಕಿ’ ನುಂಗಿದ ಹಾಗೆ: ತ–ಟ, ತ–ಟ. ಕಾಲು ತಾನಾಗಿ ಕುಣಿಯುತ್ತದೆ.

ರಾಗ ಗೊತ್ತಿದ್ದವರಿಗೆ ಒಂದು ಸುಳಿವು. ಗಿಟಾರ್ ಹೆಚ್ಚಾಗಿ ಸುತ್ತುವ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವು, ಹಿಂದೂಸ್ತಾನಿಯ ಧಾನಿ. ಆದರೆ ಗಾಂಧಾರದ ಹತ್ತಿರ ಬಂದಾಗ ಇವರು ತಂತಿ ಎಳೆದು, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ನಿಲ್ಲಿಸುತ್ತಾರೆ. ಹಾರ್ಮೋನಿಯಂನಲ್ಲಿ ಆ ಸ್ವರಕ್ಕೆ ಮನೆ ಇಲ್ಲ. ಗಮಕ ಕೇಳಿದ ಕಿವಿಗೆ ಮಾತ್ರ ಅದು ಕೂಡಲೇ ಒಗ್ಗುತ್ತದೆ.

ಎರಡನೇ ಹೆಜ್ಜೆ: ನಡುವಿನಿಂದ ಹೊರಡಿ

ಇತಿಹಾಸ ಅಂತ ಹಳೆಯದರಿಂದ ಶುರು ಮಾಡಬೇಡಿ. ನಾನು ರಾಬರ್ಟ್ ಜಾನ್ಸನ್‌ನಿಂದ ಶುರು ಮಾಡಿ ನಾಲ್ಕನೇ ಹಾಡಿಗೇ ನಿದ್ದೆ ಹೋಗಿದ್ದೆ. ಮೊದಲ ವಾರಕ್ಕೆ ಬಿ.ಬಿ. ಕಿಂಗ್‌ನ ‘ಲೈವ್ ಅಟ್ ದ ರೀಗಲ್’ ಇರಲಿ. 1964ರ ನವೆಂಬರಿನಲ್ಲಿ ಷಿಕಾಗೋದ ರೀಗಲ್ ಥಿಯೇಟರಿನಲ್ಲಿ ರೆಕಾರ್ಡ್ ಆಗಿ 1965ರಲ್ಲಿ ಬಂದ ಆಲ್ಬಂ. ಅರ್ಧ ಗಂಟೆಗಿಂತ ಚೂರು ಜಾಸ್ತಿ, ಅಷ್ಟೇ.

ಇದನ್ನೇ ಯಾಕೆ ಮೊದಲು ಅಂದರೆ, ಬಿ.ಬಿ. ಕಿಂಗ್ ಹಾಡುವಾಗ ಗಿಟಾರ್ ನುಡಿಸುವುದಿಲ್ಲ, ನುಡಿಸುವಾಗ ಹಾಡುವುದಿಲ್ಲ. ಬಾಯಿ ನಿಂತ ಮೇಲೆ ಬೆರಳು. ಮಾತು ಎಲ್ಲಿ ಮುಗಿಯಿತು, ಮರುಮಾತು ಎಲ್ಲಿ ಶುರುವಾಯಿತು ಅನ್ನುವುದು ಗೆರೆ ಕೊರೆದ ಹಾಗೆ ಕಾಣುತ್ತದೆ. ‘ಸ್ವೀಟ್ ಲಿಟ್ಲ್ ಏಂಜಲ್’ ಹಾಡಿಗೆ ಗೆಣ್ಣು ಎಣಿಸಿ, ನಿಧಾನಗತಿ, ತಪ್ಪಿದರೂ ಮತ್ತೆ ಹಿಡಿಯಬಹುದು. ಅಲ್ಲಿಂದ ನಿಲ್ಲದೆ ಮುಂದಿನ ಹಾಡಿಗೆ, ಅಲ್ಲಿಂದ ‘ಹೌ ಬ್ಲೂ ಕ್ಯಾನ್ ಯು ಗೆಟ್’ಗೆ ಹೋಗುತ್ತಾನೆ. ಒಂದು ಸ್ವರ ಎಳೆದು ನಡುಗಿಸುತ್ತಾನೆ, ಸಭೆಯಲ್ಲಿ ಹೆಂಗಸರು ಕಿರುಚುತ್ತಾರೆ. ಆ ಕಿರುಚಾಟವೂ ಮರುಮಾತೇ. ನಾಟಕ ಕಂಪನಿಯ ಹಾಡಿಗೆ ‘ಒನ್ಸ್ ಮೋರ್’ ಕೂಗಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅವನ ಗಿಟಾರಿನ ಹೆಸರು ಲೂಸಿಲ್. 1949ರಲ್ಲಿ ಆರ್ಕನ್ಸಾ ರಾಜ್ಯದ ಟ್ವಿಸ್ಟ್ ಅನ್ನುವ ಊರಿನಲ್ಲಿ ನುಡಿಸುತ್ತಿದ್ದಾಗ ಇಬ್ಬರು ಗಂಡಸರು ಹೊಡೆದಾಡಿ ಸೀಮೆಎಣ್ಣೆ ಡಬ್ಬಿ ಉರುಳಿಸಿದರಂತೆ. ಹಾಲ್ ಹೊತ್ತಿಕೊಂಡಿತು. ಹೊರಗೆ ಓಡಿದ ಬಿ.ಬಿ. ಗಿಟಾರ್ ಒಳಗೇ ಉಳಿಯಿತು ಅಂತ ಬೆಂಕಿಗೆ ವಾಪಸ್ ನುಗ್ಗಿದ. ಜಗಳ ಲೂಸಿಲ್ ಅನ್ನುವ ಹೆಂಗಸಿಗಾಗಿ ಅಂತ ಮಾರನೇ ದಿನ ಗೊತ್ತಾಯಿತು. ಇನ್ನೊಮ್ಮೆ ಇಂಥ ಹುಚ್ಚು ಕೆಲಸ ಮಾಡಬಾರದು ಅಂತ ನೆನಪಿಗೆ ಆ ಹೆಸರು ಇಟ್ಟ.

ಮೂರನೇ ಹೆಜ್ಜೆ: ಒಂದು ಶಾಂತ ಆಲ್ಬಂ, ಒಂದು ಒರಟು ಆಲ್ಬಂ

ಮಡ್ಡಿ ವಾಟರ್ಸ್‌ನ ‘ಫೋಕ್ ಸಿಂಗರ್’, 1964. ಬೇಸಿಗೆಯಲ್ಲಿ ಕೇಳಬೇಡಿ, ತಮಾಷೆಗೆ ಹೇಳುತ್ತಿಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಕೂರಲು ಆಗುತ್ತಾ? ಫ್ಯಾನಿನ ಸದ್ದಿಗೆ ಈ ಆಲ್ಬಂನ ಅರ್ಧ ಸೊಬಗು ಮುಳುಗಿಹೋಗುತ್ತದೆ. ಡಿಸೆಂಬರಿನಲ್ಲಿ, ಊಟ ಆದ ಮೇಲೆ, ಬೀದಿ ತಣ್ಣಗಾದಾಗ ಹಾಕಿ. ಷಿಕಾಗೋದಲ್ಲಿ ವಿದ್ಯುತ್ ಗಿಟಾರಿನಿಂದ ಹೆಸರಾದ ಮನುಷ್ಯ ಇಲ್ಲಿ ಸಾದಾ ಗಿಟಾರ್ ಹಿಡಿದು ಕೂತಿದ್ದಾನೆ. ಪಕ್ಕದಲ್ಲಿ ಇನ್ನೂ ಹುಡುಗನಾಗಿದ್ದ ಬಡ್ಡಿ ಗೈ, ಹಿಂದೆ ದೊಡ್ಡ ಬೇಸ್ ಹಿಡಿದ ವಿಲ್ಲಿ ಡಿಕ್ಸನ್. ಮಡ್ಡಿ ಒಂದು ಸಾಲು ಹೇಳಿ ಸುಮ್ಮನಾಗುತ್ತಾನೆ. ಆ ಮೌನದಲ್ಲಿ ಕೋಣೆಯ ಗೋಡೆ ಎಷ್ಟು ದೂರ ಇದೆ ಅಂತ ಕೂಡ ಗೊತ್ತಾಗುತ್ತದೆ.

ಮುಂದಿನ ವಾರ ಹೌಲಿನ್ ವುಲ್ಫ್. ‘ಮೋನಿನ್ ಇನ್ ದ ಮೂನ್‌ಲೈಟ್’ 1959ರದು. 1962ರ ಇನ್ನೊಂದಕ್ಕೆ ಹೊದಿಕೆ ಮೇಲೆ ತೂಗುಕುರ್ಚಿ ಇರುವುದರಿಂದ ಜನ ಅದನ್ನು ತೂಗುಕುರ್ಚಿ ಆಲ್ಬಂ ಅಂತಲೇ ಕರೆಯುತ್ತಾರೆ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ನಾನು ಎರಡನೆಯದನ್ನು ಇಟ್ಟುಕೊಳ್ಳುತ್ತೇನೆ. ಮಡ್ಡಿಗಿಂತ ವುಲ್ಫ್ ದೊಡ್ಡವನು ಅನ್ನುವುದು ನನ್ನ ಹಳೇ ಹಠ. ಮಡ್ಡಿ ಹಾಡಿದರೆ ಅವನು ಹಾಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ವುಲ್ಫ್ ಹಾಡಿದರೆ ಪಕ್ಕದ ಮನೆಯಲ್ಲಿ ಏನೋ ಆಗಿದೆ ಅನ್ನಿಸುತ್ತದೆ.

ಒಂದು ಭಾನುವಾರ ಇದನ್ನು ಸ್ಪೀಕರಿಗೆ ಹಾಕಿದ್ದೆ. ಸೋದರಮಾವ ಬಂದಿದ್ದರು. ವಯಸ್ಸಿನಲ್ಲಿ ಕಾಟನ್ ಮಿಲ್ಲಿನಲ್ಲಿ ದುಡಿದವರು, ಈಗಲೂ ಮಾತಾಡಿದರೆ ಬೀದಿಗೆ ಕೇಳುತ್ತದೆ.

‘ಏನೋ ಇದು? ಯಾರಿಗೋ ಗಂಟಲು ಕಟ್ಟೈತಲ್ಲೋ.’

‘ಅವನ ದನೀನೇ ಹಂಗೆ ಮಾಮ.’

ಇನ್ನೊಂದು ಹಾಡು ಕೇಳಿದರು. ಚಹಾ ಕುಡಿದರು. ‘ಈಯಪ್ಪ ಮಿಲ್ಲಿನಾಗೆ ಇದ್ದೋನು ಇರ್ಬೇಕು ನೋಡು. ಮಷೀನ್ ಸದ್ದಿನ ಮ್ಯಾಲೆ ಕೂಗಿದಂಗೆ ಹಾಡ್ತಾನೆ.’

ವುಲ್ಫ್ ಮಿಲ್ಲಿನವನಲ್ಲ, ನಲವತ್ತರ ಹತ್ತಿರದವರೆಗೂ ಬೇಸಾಯದಲ್ಲಿದ್ದವನು. ಆದರೂ ಮಾಮನ ಕಿವಿ ಮುಟ್ಟಿದ್ದು ಸರಿಯಾದ ಜಾಗವನ್ನೇ. ಹತ್ತಿ ಬೆಳೆಯುವ ಮಿಸಿಸಿಪ್ಪಿಯ ಡೆಲ್ಟಾದಿಂದ ಜನ ಕೆಲಸ ಹುಡುಕಿಕೊಂಡು ಷಿಕಾಗೋಗೆ ಬಂದರು. ಮಡ್ಡಿ ಬಂದದ್ದು 1943ರಲ್ಲಿ. ಊರಿನ ಜಗಲಿಯಲ್ಲಿ ಸಾಕಾಗುತ್ತಿದ್ದ ಗಿಟಾರ್ ಪಟ್ಟಣದ ಗದ್ದಲದ ಬಾರುಗಳಲ್ಲಿ ಯಾರಿಗೂ ಕೇಳಲಿಲ್ಲ. ಅದಕ್ಕೇ ವಿದ್ಯುತ್ ಗಿಟಾರ್, ಆಂಪ್ಲಿಫೈಯರ್. ಸದ್ದು ದೊಡ್ಡದಾಗಿದ್ದು ಶೋಕಿಗಲ್ಲ.

ಒಂದು ಎಚ್ಚರಿಕೆ. ಮೊದಲ ಆಲ್ಬಂನ ‘ಸ್ಮೋಕ್‌ಸ್ಟ್ಯಾಕ್ ಲೈಟ್ನಿಂಗ್’ಗೆ ಗೆಣ್ಣು ಎಣಿಸಲು ಹೋಗಬೇಡಿ. ಅದರಲ್ಲಿ ಕಾರ್ಡ್ ಬದಲಾಗುವುದೇ ಇಲ್ಲ. ತಂಬೂರಿ ಹಿಡಿದು ತತ್ವಪದ ಹೇಳಿದ ಹಾಗೆ ‘ಸ’ ಮೇಲೇ ಇಡೀ ಹಾಡು. ಗಿಟಾರ್ ಮಾತ್ರ ಮತ್ತೆ ಮತ್ತೆ ಅದೇ ಬಾಗಿಲು ತಟ್ಟುತ್ತಿರುತ್ತದೆ.

ನಾಲ್ಕನೇ ಹೆಜ್ಜೆ: ಮೌತ್ ಆರ್ಗನ್

ಜೂನಿಯರ್ ವೆಲ್ಸ್‌ನ ‘ಹೂಡೂ ಮ್ಯಾನ್ ಬ್ಲೂಸ್’, 1965. ನಮ್ಮಲ್ಲಿ ಮೌತ್ ಆರ್ಗನ್ ಅಂದರೆ ಕಾಲೇಜು ಟ್ರಿಪ್ಪಿನ ಬಸ್ಸಿನ ಹಿಂದಿನ ಸೀಟು, ಹಳೇ ಹಿಂದಿ ಹಾಡು. ಇಲ್ಲಿ ಅದು ಬೈಯುತ್ತದೆ, ಕೆಮ್ಮುತ್ತದೆ. ರೆಕಾರ್ಡಿಂಗ್ ನಡುವೆ ಬಡ್ಡಿ ಗೈಯ ಆಂಪ್ಲಿಫೈಯರ್ ಕೈಕೊಟ್ಟಿತು. ಸುಮ್ನೆ ಕೂರುವ ಬದಲು ಅವನ ಗಿಟಾರನ್ನು ಆರ್ಗನ್ ವಾದ್ಯದ ತಿರುಗುವ ಸ್ಪೀಕರಿಗೆ ಜೋಡಿಸಿದರು. ಕೆಲವು ಹಾಡುಗಳಲ್ಲಿ ಗಿಟಾರ್ ನೀರಿನೊಳಗಿನಿಂದ ಬಂದ ಹಾಗೆ ಕೇಳುವುದು ಅದಕ್ಕೇ.

ಐದನೇ ಹೆಜ್ಜೆ: ಈಗ ರಾಬರ್ಟ್ ಜಾನ್ಸನ್

1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ, 1937ರಲ್ಲಿ ಡಲ್ಲಸ್‌ನಲ್ಲಿ ರೆಕಾರ್ಡ್ ಮಾಡಿದ. ಒಟ್ಟು 29 ಹಾಡು. 1938ರಲ್ಲಿ, 27ನೇ ವಯಸ್ಸಿಗೆ ತೀರಿಕೊಂಡ. ನೀವು ಕೇಳಬೇಕಾದ್ದು 1961ರಲ್ಲಿ ಬಂದ ‘ಕಿಂಗ್ ಆಫ್ ದ ಡೆಲ್ಟಾ ಬ್ಲೂಸ್ ಸಿಂಗರ್ಸ್’, 16 ಹಾಡು. ಒಂದೇ ಹಾಡನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಿದ ಟೇಕುಗಳೂ ಇರುವ ದೊಡ್ಡ ಸೆಟ್ 1990ರಲ್ಲಿ ಬಂತು, ಅದಕ್ಕೆ ಈಗಲೇ ಕೈಹಾಕಬೇಡಿ. ಒಂದೇ ಹಾಡು ಎರಡೆರಡು ಸಲ ಬಂದು ತಲೆ ಕೆಡುತ್ತದೆ.

ನಾಲ್ಕು ದಾರಿ ಕೂಡುವ ಕಡೆ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಅನ್ನುವ ಕತೆಯನ್ನು ಎಲ್ಲರೂ ಹೇಳುತ್ತಾರೆ. ಅಮಾವಾಸ್ಯೆ ಮಾರನೇ ದಿನ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ದಾಟಿ ಸ್ಕೂಲಿಗೆ ಹೋದವರು ನಾವು. ಈ ಕತೆ ನನಗಂತೂ ಬೇಜಾರು. ಹಗಲಿರುಳು ಕೂತು ಸಾಧನೆ ಮಾಡಿದವನ ಶ್ರಮವನ್ನು ದೆವ್ವದ ಖಾತೆಗೆ ಬರೆದ ಹಾಗೆ.

ಎಣಿಸುವಾಗ ಇಲ್ಲಿ ಗೆಣ್ಣು ತಪ್ಪುತ್ತದೆ. ನಿಮ್ಮ ತಪ್ಪಲ್ಲ. ಒಬ್ಬನೇ ನುಡಿಸುವವನು, ಒಮ್ಮೊಮ್ಮೆ ಅರ್ಧ ಬಾರ್ ಜಾಸ್ತಿ ನಿಲ್ಲುತ್ತಾನೆ, ಒಮ್ಮೊಮ್ಮೆ ಬೇಗ ಹೊರಡುತ್ತಾನೆ. ಹಳೇ ಗ್ರಾಮೊಫೋನ್ ತಟ್ಟೆಯ ಚರಚರ ಸದ್ದಿಗೆ ಕಿವಿ ಹೊಂದಲು ಮೂರು ಹಾಡು ಬೇಕು. ಆಮೇಲೆ ಕೇಳಿ: ಹೆಬ್ಬೆರಳಿನಲ್ಲಿ ಬೇಸ್, ಉಳಿದ ಬೆರಳಲ್ಲಿ ಮರುಮಾತು, ಬಾಯಲ್ಲಿ ಹಾಡು. ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸಿದರೆ ನಿಮ್ಮ ಕಿವಿ ಸರಿಯಾಗಿದೆ.

ಆರನೇ ಹೆಜ್ಜೆ: ಸಮುದ್ರ ದಾಟಿದ ಬ್ಲೂಸ್

ಬ್ಲೂಸ್ ರಾಕ್‌ಗೆ ಇಲ್ಲಿಂದ ಬಾಗಿಲು. 1966ರಲ್ಲಿ ಇಂಗ್ಲೆಂಡಿನ ಜಾನ್ ಮೇಯಲ್ ತಂಡ ಗಿಟಾರಿಗ ಎರಿಕ್ ಕ್ಲ್ಯಾಪ್ಟನ್ ಜೊತೆ ಮಾಡಿದ ‘ಬ್ಲೂಸ್ ಬ್ರೇಕರ್ಸ್’. ಗಿಬ್ಸನ್ ಲೆಸ್ ಪಾಲ್ ಗಿಟಾರ್, ಮಾರ್ಷಲ್ ಆಂಪ್ಲಿಫೈಯರ್. ಕ್ಲ್ಯಾಪ್ಟನ್ ಸ್ಟುಡಿಯೋದಲ್ಲೂ ಸ್ಟೇಜಿನಷ್ಟೇ ಜೋರಾಗಿ ಇಟ್ಟು ನುಡಿಸಿದ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದರೆ ಸದ್ದಿನ ಅಲೆಯ ತಲೆ ಚಪ್ಪಟೆಯಾಗುತ್ತದೆ, ಸ್ವರ ದಪ್ಪಗಾಗಿ ಬಹಳ ಹೊತ್ತು ನಿಲ್ಲುತ್ತದೆ. ಪಿಟೀಲಿನ ಹಾಗೆ ಎಳೆಯಬಹುದು. ಇದರಿಂದ ಬಂದ ಲಾಭ ಅದು. ನಷ್ಟ ಏನಂದರೆ, ಸ್ವರ ತಾನಾಗೇ ನಿಲ್ಲುವುದರಿಂದ ನುಡಿಸುವವನಿಗೆ ಸುಮ್ಮನಿರುವ ಚಟವೇ ತಪ್ಪಿತು. ಮರುಮಾತು ಹೋಗಿ ಭಾಷಣ ಬಂತು. ಈ ಆಲ್ಬಂನಲ್ಲಿ ಇನ್ನೂ ಹಾಗಾಗಿಲ್ಲ. ಹಾಡಿಕೆ ಮಾತ್ರ ತೆಳು, ವುಲ್ಫ್ ಕೇಳಿದ ಮೇಲೆ ನೀರು ಮಜ್ಜಿಗೆ ಕುಡಿದ ಹಾಗೆ.

ಇಲ್ಲಿ ಜೋಡಿ ಕೇಳುವ ಅಭ್ಯಾಸ ಶುರು ಮಾಡಿ. ಮೊದಲು ಮೂಲ, ಕೂಡಲೇ ಹೊಸದು. ವುಲ್ಫ್‌ನ ‘ಸ್ಪೂನ್‌ಫುಲ್’ ಮೂರು ನಿಮಿಷದೊಳಗೆ ಮುಗಿಯುತ್ತದೆ. ಕ್ಲ್ಯಾಪ್ಟನ್ ಇದ್ದ ಮೂವರ ಕ್ರೀಮ್ ತಂಡ 1968ರ ‘ವೀಲ್ಸ್ ಆಫ್ ಫೈರ್’ನಲ್ಲಿ ಅದನ್ನೇ ಸ್ಟೇಜಿನ ಮೇಲೆ ಹದಿನಾರು ನಿಮಿಷ ದಾಟಿಸಿತು. ಹದಿನಾರರಲ್ಲಿ ಆರು ನನಗೆ ಬೇಕು, ಉಳಿದದ್ದು ಮೂವರ ಜಗಳ. ಅದೇ ಆಲ್ಬಂನ ‘ಕ್ರಾಸ್‌ರೋಡ್ಸ್’ ಮಾತ್ರ ಚಿನ್ನ. ಜಾನ್ಸನ್‌ನ 1936ರ ಹಾಡಿನ ಪಕ್ಕ ಇಟ್ಟು ಕೇಳಿ. ಕ್ಲ್ಯಾಪ್ಟನ್ ಎಷ್ಟೇ ಓಡಿದರೂ ಹೆಬ್ಬೆರಳು ಗೆಣ್ಣು ತಪ್ಪುವುದಿಲ್ಲ.

ಲೆಡ್ ಜೆಪ್ಪೆಲಿನ್ ರಾಕ್ ತಂಡದ ಮೊದಲ ಆಲ್ಬಂ, 1969, ಬಹಳ ಜನಕ್ಕೆ ಇಷ್ಟ, ನನಗೂ. ಅದರಲ್ಲಿ ವಿಲ್ಲಿ ಡಿಕ್ಸನ್‌ನ ಎರಡು ಹಾಡುಗಳಿಗೆ ಅವನ ಹೆಸರಿದೆ. ಮುಂದಿನ ಆಲ್ಬಂನ ‘ಹೋಲ್ ಲಾಟ ಲವ್’ನಲ್ಲೂ ಡಿಕ್ಸನ್ ಹಾಡಿನ ಸಾಲು ಎತ್ತಿಕೊಂಡಿದ್ದರು, ಅದಕ್ಕೆ ಅವನ ಹೆಸರು ಹಾಕಿರಲಿಲ್ಲ. ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ, 1987ರಲ್ಲಿ ರಾಜಿಯಾಯಿತು. ಆದ್ದರಿಂದ ಯಾವ ಆಲ್ಬಂ ಕೇಳಿದರೂ ಹಾಡು ಬರೆದವರ ಹೆಸರು ಓದಿ. ನಿಮ್ಮ ಮುಂದಿನ ಆಲ್ಬಂ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.

ಏಳನೇ ಹೆಜ್ಜೆ: ಹೈವೇ ಆಲ್ಬಂ

ಆಲ್ಮನ್ ಬ್ರದರ್ಸ್ ಬ್ಯಾಂಡ್‌ನ ‘ಅಟ್ ಫಿಲ್ಮೋರ್ ಈಸ್ಟ್’. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆಯಿತು, ಜುಲೈನಲ್ಲಿ ಬಂತು. ಒಂದೂಕಾಲು ಗಂಟೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಊರು ದಾಟಿ ಹೈವೇ ಹತ್ತಿದ ಮೇಲೆ ಹಾಕಿ. ಡ್ರೈವ್ ಮಾಡುವವರು ಗೆಣ್ಣು ಎಣಿಸಬೇಡಿ, ಸ್ಟೇರಿಂಗ್ ಹಿಡಿದುಕೊಳ್ಳಿ. ಮೊದಲ ಹಾಡು ‘ಸ್ಟೇಟ್ಸ್‌ಬರೋ ಬ್ಲೂಸ್’, ಬ್ಲೈಂಡ್ ವಿಲ್ಲಿ ಮ್ಯಾಕ್‌ಟೆಲ್ 1928ರಲ್ಲಿ ಹಾಡಿದ್ದು. ಡ್ವೇನ್ ಆಲ್ಮನ್ ಬೆರಳಿಗೆ ಮಾತ್ರೆಯ ಗಾಜಿನ ಬಾಟಲಿ ಸಿಕ್ಕಿಸಿಕೊಂಡು ತಂತಿ ಮೇಲೆ ಜಾರಿಸುತ್ತಾನೆ. ಕೊನೆಯ ‘ವಿಪ್ಪಿಂಗ್ ಪೋಸ್ಟ್’ 23 ನಿಮಿಷ. ಹನ್ನೆರಡರ ಲೆಕ್ಕ ಬಿಟ್ಟು, ಶುರುವಿನಲ್ಲೇ ಹನ್ನೊಂದರ ಎಣಿಕೆಯಲ್ಲಿ ಬೇಸ್ ಹೊರಡುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಈ ಹಾಡು ಬಂದರೆ ನಿಮ್ಮ ಪುಣ್ಯ. ಉದ್ದದ ಹಾಡು ಅಂದರೆ ನನಗೆ ಅನುಮಾನ, ಇದೊಂದನ್ನು ಮಾತ್ರ ಒಪ್ಪಿದ್ದೇನೆ. ಇಲ್ಲಿ ಇಬ್ಬರು ಗಿಟಾರಿಗರು ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಬೈಕ್ ಅಪಘಾತದಲ್ಲಿ ಡ್ವೇನ್ ತೀರಿಕೊಂಡ. 24 ವರ್ಷ.

ಮುಂದಿನವು ಬೇಗ ಬೇಗ. ಸ್ಟೀವಿ ರೇ ವಾನ್‌ನ ‘ಟೆಕ್ಸಾಸ್ ಫ್ಲಡ್’, 1983: ವೇಗದ ಹಾಡುಗಳನ್ನು ಗಿಟಾರ್ ಕಲಿಯುವ ಹುಡುಗರಿಗೆ ಬಿಡಿ, ಆಲ್ಬಂ ಹೆಸರಿನ ನಿಧಾನ ಹಾಡನ್ನು ನೀವು ಇಟ್ಟುಕೊಳ್ಳಿ. ಮೂಲ ಲ್ಯಾರಿ ಡೇವಿಸ್‌ನದು, 1958. ಗ್ಯಾರಿ ಮೂರ್‌ನ ‘ಸ್ಟಿಲ್ ಗಾಟ್ ದ ಬ್ಲೂಸ್’, 1990: ಬೆಣ್ಣೆ ದೋಸೆ ಊರಿನವನಾಗಿ ಹೇಳುತ್ತೇನೆ, ಬೆಣ್ಣೆ ಜಾಸ್ತಿಯಾಯಿತು. ರೈ ಕೂಡರ್ ಮತ್ತು ನಮ್ಮ ವಿಶ್ವಮೋಹನ ಭಟ್ಟರ ‘ಎ ಮೀಟಿಂಗ್ ಬೈ ದ ರಿವರ್’, 1993: ಪೂರ್ತಿ ಬ್ಲೂಸ್ ಅಲ್ಲ, ಆದರೆ ಜಾರುವ ತಂತಿಗೆ ಜಾರುವ ತಂತಿ ಮರುಮಾತು ಕೊಡುವುದನ್ನು ಇಷ್ಟು ಸಮಾಧಾನವಾಗಿ ಬೇರೆಲ್ಲೂ ಕೇಳಿಲ್ಲ. ಗ್ರ್ಯಾಮಿಯೂ ಬಂತು.

ನೋಟ್‌ಬುಕ್ಕಿನಲ್ಲಿ ಬರೆಯುವುದು

ಸ್ಟಾರ್ ಕೊಡಬೇಡಿ, ಅಂಕ ಹಾಕಬೇಡಿ. ಪ್ರತಿ ಆಲ್ಬಂಗೆ ಮೂರು ಸಾಲು ಸಾಕು. ಯಾವ ಹಾಡಿನಲ್ಲಿ ಮರುಮಾತು ಚೆನ್ನಾಗಿ ಬಂತು? ಎಲ್ಲಿ ಎಣಿಕೆ ತಪ್ಪಿತು? ನಾಳೆ ಮತ್ತೆ ಹಾಕಬೇಕು ಅನ್ನಿಸಿತಾ? ಮೂರನೆಯದಕ್ಕೆ ಸುಳ್ಳು ಬರೆಯಬೇಡಿ, ದೊಡ್ಡ ಹೆಸರು ಅಂತ ಹೂಂ ಅನ್ನಬೇಡಿ. ನನ್ನ ಪುಸ್ತಕದಲ್ಲಿ ಆಲ್ಬರ್ಟ್ ಕಿಂಗ್‌ನ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’, 1967, ಮೊದಲ ಸಲ ‘ಇಲ್ಲ’, ಎರಡು ವರ್ಷದ ಮೇಲೆ ‘ಹೌದು’, ಈಗ ಆ ಪುಟದಲ್ಲಿ ಚಹಾದ ಕಲೆ. ಅವನು ಎಡಗೈಯವನು, ಬಲಗೈ ಗಿಟಾರನ್ನು ತಿರುಗಿಸಿ ಹಿಡಿದು ತಂತಿಯನ್ನು ಕೆಳಕ್ಕೆ ಎಳೆಯುತ್ತಿದ್ದ. ಅದಕ್ಕೇ ಅವನ ಎಳೆತ ಅಷ್ಟು ಉದ್ದ. ಬಿ.ಬಿ. ನಡುಗಿಸುತ್ತಾನೆ, ಆಲ್ಬರ್ಟ್ ಎಳೆಯುತ್ತಾನೆ. ಅಷ್ಟು ತಿಳಿದ ಮೇಲೆ ಹಳೇ ಸೀಡಿ ತೆಗೆದು ಕೂತೆ. ಯಾವ ಹಾಡು ಯಾರದು ಅಂತ ಪೆನ್ಸಿಲಿನಲ್ಲಿ ಗುರುತು ಮಾಡುತ್ತಾ 74ರವರೆಗೆ ಬಂದಿದ್ದೇನೆ. ಫ್ರೆಡ್ಡಿಯ ಕೈ ಇನ್ನೂ ಸರಿಯಾಗಿ ಗುರುತು ಸಿಗುತ್ತಿಲ್ಲ. ಮುಂದಿನ ವಾರ ಅವನದೇ.